ನೀರು ಬೇಕಾದರೆ ಯಾರನ್ನು ಕೇಳುವುದು?

ಸ್ಕಾಟ್ಲೆಂಡಿನ ಅಬರ್‌ಫಾಯ್ಲ್‌ನ ಕಾಡುದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದ ನನ್ನ ಮಗಳು, ಬಾಟಲಿ ಖಾಲಿಯಾದದ್ದನ್ನು ಕಂಡು ಸುತ್ತಲೂ ಒಮ್ಮೆ ನೋಡಿ, "ಅಮ್ಮಾ, ಇಲ್ಲಿ ಯಾರ ಮನೆಯೂ ಇಲ್ಲವಲ್ಲ, ನೀರು ಬೇಕಾದರೆ ಯಾರನ್ನು ಕೇಳುವುದು?" ಎಂದಳು. ಗ್ಲಾಸ್ಗೋದಲ್ಲೇ ಹುಟ್ಟಿ ಬೆಳೆದ ಒಂಬತ್ತು ವರ್ಷದ ಹುಡುಗಿಗೆ ಸಾಮಾನ್ಯವಾಗಿ ಹೊಳೆಯುವ ಪ್ರಶ್ನೆ ಇದಲ್ಲ. ಅವಳ ಓರಗೆಯ ಮಕ್ಕಳು ನೀರು ಸಾಲದಿದ್ದರೆ ತಾಯಿಯನ್ನು ದೂರುತ್ತಾರೆಯೇ ಹೊರತು, ದಾರಿಯ ಪಕ್ಕದ ಅಪರಿಚಿತರ ಅಂಗಳಕ್ಕೆ ಹೋಗಿ ಕುಡಿಯಲು ಕೇಳಬಹುದೆಂದು ಯೋಚಿಸುವುದಿಲ್ಲ. ಇವಳಿಗೆ ಅದು ಹೊಳೆದದ್ದು ಸಾಗರ ತಾಲ್ಲೂಕಿನ ತುಮರಿ ಕಡೆಯ ನನ್ನ ತವರಿನಿಂದ. ಕಳೆದ ರಜೆಯಲ್ಲಿ ಸೋದರಮಾವನ ಹಳೆಯ ಸೈಕಲ್ ಏರಿ ಕೇರಿ ಸುತ್ತುತ್ತಿದ್ದವಳನ್ನು ಪ್ರತಿ ಮನೆಯ ಜಗಲಿಯಿಂದಲೂ ಕರೆದು, "ಕೂಸೇ, ಆಸರಿಗೆ ಎಂತ ಬೇಕು?" ಎಂದು ಕೇಳಿ ಬೆಲ್ಲ-ನೀರನ್ನೋ ಮಜ್ಜಿಗೆಯನ್ನೋ ಕೊಟ್ಟಿದ್ದರು. ಸೈಕಲ್ ತುಳಿಯುವವರಿಗೆ ದಾರಿಯುದ್ದಕ್ಕೂ ಯಾರಾದರೂ ಕುಡಿಯಲು ಕೊಡುತ್ತಾರೆ ಎಂಬುದನ್ನು ಅವಳು ಲೋಕದ ನಿಯಮವೆಂದೇ ತಿಳಿದುಕೊಂಡು ಬಂದಂತಿದೆ.

ನಾವಿದ್ದದ್ದು ಕ್ವೀನ್ ಎಲಿಜಬೆತ್ ಫಾರೆಸ್ಟ್ ಪಾರ್ಕ್‌ನ ಭಾಗವಾದ ಲಾಕ್ ಆರ್ಡ್ ಅರಣ್ಯದಲ್ಲಿ. ಇಲ್ಲಿ ಸರೋವರಕ್ಕೆ 'ಲಾಕ್' ಎನ್ನುತ್ತಾರೆ. ಗ್ಲಾಸ್ಗೋದಿಂದ ಉತ್ತರಕ್ಕೆ ಒಂದು ಗಂಟೆಯ ದಾರಿಯಲ್ಲಿರುವ ಅಬರ್‌ಫಾಯ್ಲ್ ಎಂಬ ಪುಟ್ಟ ಊರು ಈಚಿನ ವರ್ಷಗಳಲ್ಲಿ ಗ್ರಾವೆಲ್ ಸೈಕಲ್ಲಿನವರಿಗೆ ಮೆಚ್ಚಿನ ತಾಣವಾಗಿದೆ. ರೇಸ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಅದಕ್ಕಿಂತ ಅಗಲವಾದ, ಗಾಳಿ ಸ್ವಲ್ಪ ಕಡಿಮೆ ತುಂಬಿದ ಟಯರು, ಏರು ಹತ್ತಲು ಹಗುರವಾದ ಗೇರುಗಳು ಸೇರಿದರೆ ಗ್ರಾವೆಲ್ ಸೈಕಲ್ ಆಗುತ್ತದೆ. ಡಾಂಬರಿನ ಮೇಲೂ ಓಡುವ, ಜಲ್ಲಿಯ ಮೇಲೂ ಜಾರದ ಈ ಸೈಕಲ್ಲಿಗೆ ಅಂಗಡಿಯಲ್ಲಿ ಕೇಳುವ ಬೆಲೆಯನ್ನು ಊರಿನವರಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನಮ್ಮ ತಂದೆ ಅಡಿಕೆ ಮೂಟೆ ಹೇರಿಕೊಂಡು ಇಂಥದೇ ದಾರಿಯಲ್ಲಿ ಇಪ್ಪತ್ತೆರಡು ಇಂಚಿನ ಸಾದಾ ಸೈಕಲ್ ತುಳಿದವರು.

ಆ ದಾರಿಗಳನ್ನು ಸೈಕಲ್ಲಿಗಾಗಿ ಮಾಡಿದ್ದಲ್ಲ, ನಾಟಾ ಸಾಗಿಸುವ ಲಾರಿಗಳಿಗಾಗಿ ಮಾಡಿದ್ದು. ಮೊದಲನೆಯ ಮಹಾಯುದ್ಧದಲ್ಲಿ ಮರಕ್ಕೆ ತತ್ವಾರ ಬಂದು ಬುದ್ಧಿ ಕಲಿತ ಬ್ರಿಟಿಷ್ ಸರ್ಕಾರ 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿ, ಕುರಿ ಮೇಯುತ್ತಿದ್ದ ಬೋಳುಗುಡ್ಡಗಳಲ್ಲಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸಿಟ್ಕಾ ಸ್ಪ್ರೂಸ್ ಮರವನ್ನು ಸಾಲುಸಾಲಾಗಿ ನೆಡಿಸಿತು. ಭದ್ರಾವತಿಯ ಕಾಗದ ಕಾರ್ಖಾನೆಗಾಗಿ ನಮ್ಮ ಗುಡ್ಡಗಳಲ್ಲಿ ಬೆಳೆಸಿದ ಅಕೇಶಿಯಾ ನೆಡುತೋಪನ್ನು ನೋಡಿದವರಿಗೆ ಈ ಸ್ಪ್ರೂಸ್ ಕಾಡಿನ ಒಳಗಿನ ಕತ್ತಲೆ, ಹಕ್ಕಿಯ ಸದ್ದಿಲ್ಲದ ನೆಲ, ಒಂದೇ ಎತ್ತರದ ಮರಗಳ ಬೇಸರ ಎಲ್ಲವೂ ಪರಿಚಿತವೆನಿಸುತ್ತವೆ. ಸುಮಾರು ನಲವತ್ತು ವರ್ಷಕ್ಕೊಮ್ಮೆ ಗುಡ್ಡದ ಒಂದೊಂದು ಪಾಲನ್ನು ಪೂರ್ತಿ ಕಡಿದು ಒಯ್ಯಬೇಕಾದ್ದರಿಂದ, ಭಾರದ ಲಾರಿಗಳನ್ನು ತಡೆದುಕೊಳ್ಳುವಂತೆ ಒಡೆದ ಕಲ್ಲು ಹಾಸಿ ಅಡಕಿದ ರಸ್ತೆಗಳನ್ನು ಕಾಡಿನ ತುಂಬ ಕಟ್ಟಿದ್ದಾರೆ. ಪಕ್ಕದಲ್ಲಿ ಚರಂಡಿ, ತಗ್ಗಿನಲ್ಲಿ ಮೋರಿ, ತಿರುವಿನಲ್ಲಿ ಲಾರಿ ಹೊರಳುವಷ್ಟು ಅಗಲ ಎಲ್ಲವೂ ಇವೆ. ಮರ ಸಾಗಿಸದ ದಿನಗಳಲ್ಲಿ ಅವು ಖಾಲಿ. ಆ ಖಾಲಿಯನ್ನೇ ಸೈಕಲ್ಲಿನವರು ಬಳಸಿಕೊಂಡಿದ್ದಾರೆ.

ಪ್ರತಿ ದಾರಿಯ ಬಾಯಲ್ಲಿ ಅಡ್ಡಲಾಗಿ ಒಂದು ಕಬ್ಬಿಣದ ಗೇಟು, ಅದರ ಪಕ್ಕದಲ್ಲಿ ಮನುಷ್ಯನೂ ಸೈಕಲ್ಲೂ ನುಸುಳುವಷ್ಟು ಸಂದು ಇರುತ್ತದೆ. ನಮ್ಮ ತೋಟದ ದಣಪೆ ದನವನ್ನು ತಡೆದು ಜನರನ್ನು ಬಿಟ್ಟಂತೆ, ಈ ಗೇಟು ಕಾರನ್ನು ತಡೆದು ಜನರನ್ನು ಬಿಡುತ್ತದೆ. ಸ್ಕಾಟ್ಲೆಂಡಿನ ಸಂಸತ್ತು 2003ರಲ್ಲಿ ಮಾಡಿದ ಭೂಸುಧಾರಣೆ ಕಾಯ್ದೆಯ ಪ್ರಕಾರ, ಮನೆಯಂಗಳ, ಬೆಳೆ ನಿಂತ ಹೊಲ ಮುಂತಾದ ಕೆಲವನ್ನು ಬಿಟ್ಟರೆ, ಯಾರದೇ ನೆಲದಲ್ಲಾಗಲಿ ಹೊಣೆಯರಿತು ನಡೆಯುವ, ಸೈಕಲ್ ತುಳಿಯುವ, ಕುದುರೆಯ ಮೇಲೆ ಹೋಗುವ ಹಕ್ಕು ಎಲ್ಲರಿಗೂ ಇದೆ. ಮೋಟಾರು ವಾಹನಕ್ಕೆ ಆ ಹಕ್ಕು ಇಲ್ಲ. ಟಿಕೆಟ್ಟಿಲ್ಲ, ಪರವಾನಗಿಯಿಲ್ಲ, ಹೆಸರು ಬರೆದುಕೊಳ್ಳುವವರಿಲ್ಲ. ಮರ ಕಡಿಯುವ ಕಡೆ ಫಲಕ ಹಾಕಿದ್ದರೆ ಮಾತ್ರ ಬೇರೆ ದಾರಿ ಹಿಡಿಯಬೇಕು. ಈ ಕಾಯ್ದೆಯನ್ನು ಮೊದಲ ಬಾರಿ ತಿಳಿದಾಗ ನನಗೆ ಆದದ್ದು ಸಂತೋಷಕ್ಕಿಂತ ಹೆಚ್ಚಾಗಿ ಅಸೂಯೆ. ನಮ್ಮ ಮಲೆನಾಡಿನ ಕಾಡುಗಳಿಗೆ ಹುಲಿ, ಆನೆ, ಕಾಟಿಗಳಿರುವುದರಿಂದ ಇದೇ ನಿಯಮ ಹೊಂದುವುದಿಲ್ಲ ಎಂಬುದು ನಿಜ. ಆದರೆ ಹುಲಿಯ ಹೆಸರಿನಲ್ಲಿ ಕಾಲ್ನಡಿಗೆಯವರನ್ನು ತಡೆಯುವ ಕಾಡಿನ ಅಂಚಿನಲ್ಲೇ ಬಾಡಿಗೆ ಜೀಪುಗಳು ಹಾಡು ಹಾಕಿಕೊಂಡು ಗುಡ್ಡ ಹತ್ತುವುದನ್ನು ಕಂಡಾಗ, ಭಯ ಇರುವುದು ಹುಲಿಗೋ ನಮಗೋ ಎಂಬ ಸಂಶಯ ಬರುತ್ತದೆ.

ಅಡಿಕೆ ಬೆಳೆಗಾರರ ಮಗಳಾಗಿ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆ. ಈ ನಾಡಿನ ಕಾಡುಗಳಲ್ಲಿ, ಬೂಟಿನ ಮತ್ತು ಟಯರಿನ ಮಣ್ಣನ್ನು ತೊಳೆದುಕೊಂಡು ಹೋಗಿ ಎಂಬ ಸೂಚನೆಯನ್ನು ಹಾಕಿರುತ್ತಾರೆ. ಕಾರಣ, ಫೈಟಾಫ್ತೊರ ರಾಮೋರಮ್ ಎಂಬ ರೋಗಾಣು ಲಾರ್ಚ್ ಮರಗಳನ್ನು ಗುಡ್ಡಗುಡ್ಡವಾಗಿ ಕೊಲ್ಲುತ್ತಿದೆ, ಮತ್ತು ಅದು ಮಣ್ಣಿನ ಜೊತೆಗೂ ಪ್ರಯಾಣ ಮಾಡಬಲ್ಲದು. ನಮ್ಮ ಅಡಿಕೆಯ ಕೊಳೆರೋಗದ ರೋಗಾಣುವೂ ಇದೇ ಫೈಟಾಫ್ತೊರ ಕುಲದ್ದು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ತಮ್ಮ ವರದಿಯನ್ನು ಪ್ರಕಟಿಸಿದ್ದು 1910ರಲ್ಲಿ. ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ಕಾಲದಿಂದ ಬೋರ್ಡೋ ದ್ರಾವಣ ಹೊಡೆಯುವ ಕಾಲಕ್ಕೆ ಮಲೆನಾಡು ಬಂದದ್ದು ಅವರ ಕೆಲಸದಿಂದ. ಮಳೆಗಾಲದಲ್ಲಿ ತೋಟದಿಂದ ತೋಟಕ್ಕೆ ಓಡಾಡುವ ನಾವು ಕಾಲು ತೊಳೆದುಕೊಂಡೇವೇ ಎಂದು ತಮ್ಮನನ್ನು ಕೇಳಿದೆ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟವಾಗಿರುವಾಗ ಅವನ ಕಾಲು ತೊಳೆಸುವುದು ಯಾರು ಎಂದ.

ಮತ್ತೆ ಮಗಳ ಪ್ರಶ್ನೆಗೆ ಬರುತ್ತೇನೆ. ಅವಳು ಅದನ್ನು ಕೇಳಿದಾಗ ನಾವು ನಿಂತಿದ್ದ ಕಡೆಯಿಂದ ಸ್ವಲ್ಪ ದೂರದಲ್ಲೇ ಮರಗಳ ನಡುವೆ ಕಲ್ಲಿನಿಂದ ಕಟ್ಟಿದ ಒಂದು ದುಂಡನೆಯ ಗೂಡು ಕಾಣುತ್ತಿತ್ತು. ಅದು ನೆಲದಡಿಯ ಸುರಂಗದ ಗಾಳಿಗೂಡು. ಕಾಲರಾದಿಂದ ಸಾವಿರಾರು ಜನರನ್ನು ಕಳೆದುಕೊಂಡಿದ್ದ ಗ್ಲಾಸ್ಗೋ ನಗರಕ್ಕೆ ಲಾಕ್ ಕ್ಯಾಟ್ರಿನ್ ಸರೋವರದಿಂದ ನೀರು ತರಲು ಎಂಜಿನಿಯರ್ ಜಾನ್ ಫ್ರೆಡರಿಕ್ ಬೇಟ್‌ಮನ್ ರೂಪಿಸಿದ ಕಾಲುವೆ ಈ ಕಾಡಿನ ಅಡಿಯಲ್ಲೇ ಹಾದುಹೋಗುತ್ತದೆ. ವಿಕ್ಟೋರಿಯಾ ರಾಣಿ 1859ರಲ್ಲಿ ಉದ್ಘಾಟಿಸಿದ ಆ ಕಾಲುವೆಯಲ್ಲಿ ನೀರು ಪಂಪಿನ ಹಂಗಿಲ್ಲದೆ, ಇಳಿಜಾರಿನ ಬಲದಿಂದಲೇ ಸುಮಾರು ನಲವತ್ತು ಕಿಲೋಮೀಟರ್ ಹರಿದು ನಗರದ ಅಂಚಿನ ಜಲಾಶಯವನ್ನು ಸೇರುತ್ತದೆ. ಮನೆಯಲ್ಲಿ ನಲ್ಲಿ ತಿರುಗಿಸಿ ಅವಳ ಬಾಟಲಿಗೆ ನಾನು ತುಂಬಿಸಿದ ನೀರಿನ ಮೂಲವೂ ಆ ಸರೋವರವೇ. ಒಂದು ದೊಡ್ಡ ನಗರದ ದಾಹಕ್ಕೆ ಆಗುವ ನೀರು ಕಾಲಡಿಯಲ್ಲಿ ಹರಿಯುತ್ತಿರುವಾಗ, ಅದರ ಮೇಲೆ ನಿಂತ ಮಗುವಿಗೆ ಒಂದು ಲೋಟ ನೀರು ಕೇಳಲು ಮನೆಯಿಲ್ಲ.

ಮನೆ ಏಕಿಲ್ಲ ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ಈ ಕಣಿವೆಗಳು ಮ್ಯಾಕ್‌ಗ್ರೆಗರ್ ಕುಲದವರ ನೆಲ. ಅವರ ಪೈಕಿ ಹೆಸರಾದ ರಾಬ್ ರಾಯ್ 1671ರಲ್ಲಿ ಹುಟ್ಟಿದ್ದು ಲಾಕ್ ಕ್ಯಾಟ್ರಿನ್‌ನ ತುದಿಯ ಗ್ಲೆನ್‌ಗೈಲ್‌ನಲ್ಲಿ. ಆ ಕುಲದ ಹೆಸರನ್ನು ಇಟ್ಟುಕೊಳ್ಳುವುದನ್ನೇ 1603ರಲ್ಲಿ ರಾಜಾಜ್ಞೆಯಿಂದ ನಿಷೇಧಿಸಲಾಗಿತ್ತು. ಆಮೇಲೆ ಒಡೆಯರಿಗೆ ಒಕ್ಕಲಿಗಿಂತ ಕುರಿ ಲಾಭವಾಯಿತು. ಆಮೇಲೆ ನಗರದ ನೀರಿಗಾಗಿ ಸರೋವರದ ಮಟ್ಟವನ್ನು ಏರಿಸಿದರು, ದಂಡೆಯ ತಗ್ಗು ನೆಲ ಮುಳುಗಿತು, ನೀರು ಕೆಡದಿರಲೆಂದು ಸುತ್ತಲಿನ ನೆಲದ ಮೇಲೆ ನಗರಾಡಳಿತದ ಹಿಡಿತ ಬಿಗಿಯಾಯಿತು. ಕಡೆಗೆ ಸ್ಪ್ರೂಸ್ ಬಂತು. ಲಾಕ್ ಕ್ಯಾಟ್ರಿನ್‌ನ ಉತ್ತರ ದಂಡೆಯ ರಸ್ತೆ ಇಂದು ಇಲ್ಲಿನ ಸೈಕಲ್ಲಿನವರು ಹಾಡಿ ಹೊಗಳುವ ಕಾರಿಲ್ಲದ ರಸ್ತೆ. ನೀರು ಸರಬರಾಜು ಸಂಸ್ಥೆಯ ಖಾಸಗಿ ರಸ್ತೆಯಾದ್ದರಿಂದ ಸಾರ್ವಜನಿಕರ ಕಾರಿಗೆ ಅಲ್ಲಿ ಪ್ರವೇಶವಿಲ್ಲ. ಅಲ್ಲಿ ಸೈಕಲ್ ತುಳಿಯುವಾಗ ಗಾಳಿ, ಅಲೆ, ಕುರಿಗಳ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ, ನಿಂತರೆ ಮಾತ್ರ ಮಿಜ್ ಎಂಬ ನೊರಜುಗಳು ಮುಖಕ್ಕೆ ಮುತ್ತುತ್ತವೆ. ಆ ನೆಮ್ಮದಿಯನ್ನು ನಾನೂ ಬೇಕಾದಷ್ಟು ಅನುಭವಿಸಿದ್ದೇನೆ, ಇನ್ನು ಮುಂದೆಯೂ ಬಿಡುವುದಿಲ್ಲ. ಆದರೆ ಅದು ಬರೀ ಒಳ್ಳೆಯ ಯೋಜನೆಯ ಫಲವೆಂದು ಊರಿನವರ ಮುಂದೆ ಹೇಳಿಕೊಂಡು ತಿರುಗಿದ್ದು ಅರ್ಧ ಮಾತಾಯಿತು ಎಂದು ಈಗ ಅನ್ನಿಸುತ್ತದೆ.

ಯಾಕೆಂದರೆ ತುಮರಿಯಲ್ಲಿ ಹುಟ್ಟಿದವರಿಗೆ ಇಂಥ ನಿಶ್ಶಬ್ದದ ಬೆಲೆ ಗೊತ್ತಿರಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಹಿನ್ನೀರು ತುಂಬಿಕೊಂಡಾಗ ಸಾವಿರಾರು ಕುಟುಂಬಗಳು ಗದ್ದೆ, ತೋಟ, ದೇವಸ್ಥಾನಗಳನ್ನು ಬಿಟ್ಟು ಲಾರಿ ಹತ್ತಿದವು; ಅವರಲ್ಲಿ ಎಷ್ಟೋ ಮಂದಿಯ ಹಕ್ಕುಪತ್ರದ ತಕರಾರು ಇಂದಿಗೂ ಮುಗಿದಿಲ್ಲ. ಉಳಿದ ನಮ್ಮ ಸೀಮೆ ಮೂರು ಕಡೆಯಿಂದ ನೀರು ಸುತ್ತುವರಿದು ಹೊರಗಿನಿಂದ ಕತ್ತರಿಸಿಹೋಯಿತು. ಸಾಗರ ಪೇಟೆಗೆ ಹೋಗಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಸಂಜೆಯ ಲಾಂಚ್ ತಪ್ಪಿದರೆ ಹೆರಿಗೆ ನೋವಿನ ಹೆಂಗಸೂ ಆಚೆ ದಡದಲ್ಲೇ. ನಾನು ಬಾಲ್ಯದಲ್ಲಿ ಸೈಕಲ್ ಕಲಿತ ಕೆಂಪು ಮಣ್ಣಿನ ದಾರಿಯಲ್ಲಿ ವಾಹನಗಳಿರಲಿಲ್ಲ. ಎದುರಿಗೆ ಒಂದು ಬಸ್ಸು ಬಂದರೆ ಅದು ಯಾವ ಬಸ್ಸು, ಡ್ರೈವರ್ ಯಾರು ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು. ಆ ದಾರಿಯ ಸುಖವನ್ನು ನಾನು ಎಷ್ಟೇ ನೆನೆದರೂ, ಅದು ಮುಳುಗಡೆ ನಮಗೆ ಕೊಟ್ಟ ಸುಖ ಎಂಬುದನ್ನು ಅಮ್ಮ ಮರೆಯಲು ಬಿಡುವುದಿಲ್ಲ. ಲಾಕ್ ಕ್ಯಾಟ್ರಿನ್‌ನ ದಂಡೆಯಲ್ಲಿ ತೆಗೆದ ಫೋಟೋ ಕಳಿಸಿದಾಗ ಅವರು ಕೇಳಿದ ಮೊದಲ ಮಾತೇ, "ಅಲ್ಲಿ ಯಾರನ್ನು ಎಬ್ಬಿಸಿದರು?" ಎಂಬುದು.

ಈಗ ಊರಿಗೆ ಸೇತುವೆ ಬಂದಿದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಕೇಬಲ್ ಆಧಾರಿತ ಸೇತುವೆ ಉದ್ಘಾಟನೆಯಾದ ದಿನ ಅಮ್ಮ ಅತ್ತರಂತೆ. ಅರವತ್ತು ವರ್ಷದ ಕಾಯುವಿಕೆ ಮುಗಿದದ್ದಕ್ಕೆ ನಾನೂ ಇಲ್ಲಿ ಕುಳಿತು ಫೋನಿನಲ್ಲಿ ವಿಡಿಯೋ ನೋಡಿ ಕಣ್ಣೊರೆಸಿಕೊಂಡೆ. ಹೊರನಾಡಿನಲ್ಲಿ ಕುಳಿತು ಊರು ಹಾಗೆಯೇ ಇರಬೇಕಿತ್ತು ಎಂದು ಬಯಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಂಬುಲೆನ್ಸ್ ಬರುವ ಊರಿನಲ್ಲಿ ಕಾರೂ ಬರುತ್ತದೆ. ನನ್ನ ಬೇಸರ ಬೇರೆ. ಸೇತುವೆ, ಸಂಪರ್ಕ ರಸ್ತೆ, ಪಾರ್ಕಿಂಗ್, ಹೋಮ್‌ಸ್ಟೇ ಎಂದು ನಡೆಯುವ ಮಾತಿನಲ್ಲಿ ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳ ಹೆಸರು ಎಲ್ಲಿಯೂ ಕೇಳಿಸುವುದಿಲ್ಲ. ಭಾನುವಾರ ಸಿಗಂದೂರು ದೇವಸ್ಥಾನಕ್ಕೆ ಬರುವ ಕಾರುಗಳ ಸಾಲಿನಿಂದಾಗಿ ಎದುರು ಮನೆಯ ಹುಡುಗನನ್ನು ರಸ್ತೆಗೆ ಬಿಡುತ್ತಿಲ್ಲ ಎಂದು ತಮ್ಮ ಹೇಳಿದ. ಮುಂದಿನ ರಜೆಯಲ್ಲಿ ನನ್ನ ಮಗಳನ್ನೂ ಬಿಡಲಾರರು. ಅವಳು ಮನೆಯಿಂದ ಮನೆಗೆ ಆಸರಿಗೆ ಕುಡಿಯುತ್ತ ಸುತ್ತಿದ ಕೇರಿಯಲ್ಲಿ ಮನೆಗಳಿವೆ, ಜಗಲಿಗಳಿವೆ, ಕೊಡುವವರೂ ಇದ್ದಾರೆ. ಅಲ್ಲಿಗೆ ಮಗು ಒಬ್ಬಳೇ ಹೋಗುವ ದಾರಿ ಮಾತ್ರ ಕೈ ತಪ್ಪುತ್ತಿದೆ. ಇಲ್ಲಿ ದಾರಿಯನ್ನು ಗೇಟು ಹಾಕಿ ಕಾಯುತ್ತಾರೆ, ಬಾಗಿಲು ತೆರೆಯುವ ಮನೆಯಿಲ್ಲ.

ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಆಗದೇ ಎಂದು ಯೋಚಿಸುತ್ತಿರುತ್ತೇನೆ. ನಮ್ಮ ಸೀಮೆಯಲ್ಲಿ ಹಾಡಿ, ಸೊಪ್ಪಿನಬೆಟ್ಟಗಳ ನಡುವೆ ಊರಿಂದೂರಿಗೆ ಹೋಗುವ ಹಳೆಯ ಗಾಡಿದಾರಿಗಳು ಇನ್ನೂ ಇವೆ. ಡಾಂಬರು ಕಾಣದ ಅವುಗಳಿಗೆ ಮಳೆನೀರು ಹರಿಯುವ ಚರಂಡಿ ತೋಡಿ, ಗೊಚ್ಚು ಹಾಕಿ, ಎರಡೂ ತುದಿಗೆ ಕಾರು ನುಗ್ಗದ ಹಾಗೆ ಏನಾದರೂ ಅಡ್ಡ ಇಟ್ಟರೆ ಮಕ್ಕಳಿಗೆ ಶಾಲೆಯ ದಾರಿಯೂ ಆಯಿತು, ಬಂದ ಪ್ರವಾಸಿಗರಿಗೆ ಸೈಕಲ್ ದಾರಿಯೂ ಆಯಿತು ಎಂದು ತಮ್ಮನಿಗೆ ವಿವರಿಸಿದೆ. ಅವನು ಪಂಚಾಯಿತಿಯ ಕೆಲಸಗಳಲ್ಲಿ ಓಡಾಡುವವನು, ಪೂರ್ತಿ ಕೇಳಿಸಿಕೊಂಡ.

"ಅಕ್ಕ, ಅಡ್ಡ ಎಂತ ಇಡುವುದು?" ಎಂದ.

ಇಲ್ಲಿ ಕೆಲವು ಕಡೆ ಗೇಟಿನ ಬದಲು ದೊಡ್ಡ ಬಂಡೆಗಳನ್ನು ಇಡುತ್ತಾರೆ ಎಂದೆ. ಬಂಡೆಯನ್ನು ಹಗಲು ಜೆಸಿಬಿಯಲ್ಲಿ ತಂದಿಟ್ಟರೆ ರಾತ್ರಿ ಅದೇ ಜೆಸಿಬಿಯಲ್ಲಿ ತೆಗೆಸುವವರು ನಮ್ಮಲ್ಲೇ ಇದ್ದಾರೆ ಎಂದು ನಕ್ಕ. ಆಮೇಲೆ, ಅಲ್ಲಿ ಬಾಡಿಗೆ ಸೈಕಲ್ಲಿಗೆ ದಿನಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ, ಗ್ರಾಮಸಭೆಯಲ್ಲಿ ಹೇಳಲಿಕ್ಕೆ ಬೇಕು, ಬರೆದು ಕಳಿಸು ಎಂದ.