ಪಟ್ಟಣದ ಗೋರಿಗಳಿಂದ ಸಿಪಾಯಿಗಳ ಊರಿಗೆ: ನನ್ನ ಹುಡುಕಾಟ ಎಲ್ಲಿಗೆ ಬಂತು

ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಡಿ ಮ್ಯೂರಾನ್ ಅನ್ನುವ ಬಾಡಿಗೆ ರೆಜಿಮೆಂಟಿನ ಸಿಪಾಯಿಗಳ ಪಟ್ಟಿ ಮತ್ತೆ ಕೈಗೆತ್ತಿಕೊಂಡಿದ್ದೇನೆ, ಅವರು ಯಾವ ಊರಿನವರು ಅಂತ ಹುಡುಕಲು. ಮಳೆಗಾಲದಲ್ಲಿ ಎರಡು ತಿಂಗಳು ಕೆಲಸ ನಿಂತಿತ್ತು. ಈಗ ವಾರಕ್ಕೆ ಮೂರು ರಾತ್ರಿ ಕೂರುತ್ತಿದ್ದೇನೆ. ಹೊಸಬರಿಗೆ ಮೊದಲಿನಿಂದ ಹೇಳಿಬಿಡುತ್ತೇನೆ, ಆಮೇಲೆ ಈ ಸಲ ಏನಾಯಿತು ಅಂತ ಬರೆಯುತ್ತೇನೆ.

ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯಲ್ಲಿ ಹಳೇ ಗ್ಯಾರಿಸನ್ ಸ್ಮಶಾನ, ಅಂದರೆ ಕೋಟೆ ಕಾವಲಿನ ಸೈನ್ಯದವರ ಸ್ಮಶಾನ ಇದೆ. ಬೆಂಗಳೂರು ರಸ್ತೆಯಲ್ಲಿ ಓಡಾಡುವವರಲ್ಲಿ ಅಲ್ಲಿ ಇಳಿದು ನೋಡುವವರು ಕಡಿಮೆ. ಅಲ್ಲಿನ ಕಲ್ಲುಗಳಲ್ಲಿ ಡಿ ಮ್ಯೂರಾನ್ ರೆಜಿಮೆಂಟಿನ ಹೆಸರು ಸಿಗುತ್ತದೆ. ನಾನು ಮೊದಲ ಸಲ ಹೋದಾಗ ಪಕ್ಕದಲ್ಲೇ ಹುಲ್ಲು ಕೊಯ್ಯುತ್ತಿದ್ದ ಹಿರಿಯರೊಬ್ಬರು ನಾನು ಓದುವುದನ್ನು ನೋಡಿ ಕೇಳಿದರು, "ಯಾರ್ ಸಾ ಇವ್ರು, ಇಂಗ್ಲಿಷ್ನೋರಾ?"

"ಅಲ್ಲ ಯಜಮಾನ್ರೇ, ಸ್ವಿಟ್ಜರ್‌ಲೆಂಡ್ ಅಂತ ಒಂದು ದೇಶ ಇದೆ, ಆ ಕಡೆಯವರು."

"ಅಷ್ಟ್ ದೂರದಿಂದ ಇಲ್ಲಿಗ್ ಸಾಯಕ್ ಯಾಕ್ ಬಂದ್ರು?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆಯಿಂದಲೇ ಇದೆಲ್ಲ ಶುರುವಾಯಿತು.

ಉತ್ತರ ಸ್ವಲ್ಪ ಉದ್ದ. ಶಾರ್ಲ್ ದಾನಿಯಲ್ ದ ಮ್ಯೂರಾನ್ ಅನ್ನುವವನು ಈಗಿನ ಸ್ವಿಟ್ಜರ್‌ಲೆಂಡಿನ ನಶಾಟೆಲ್ ಸೀಮೆಯವನು. 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಒಂದು ರೆಜಿಮೆಂಟ್ ಕಟ್ಟಿದ. ಅಂದರೆ ಸೈನ್ಯವನ್ನೇ ಗುತ್ತಿಗೆಗೆ ಕೊಟ್ಟ. ಆ ಸಿಪಾಯಿಗಳು ಮೊದಲು ಆಫ್ರಿಕಾದ ತುದಿಯ ಕೇಪ್‌ಗೆ ಹೋದರು, ಅಲ್ಲಿಂದ ಸಿಲೋನಿಗೆ ಬಂದರು. 1795ರಲ್ಲಿ ಫ್ರೆಂಚರು ಹಾಲೆಂಡನ್ನು ಹಿಡಿದರು. ಆಗ ಬ್ರಿಟಿಷರು ಹ್ಯೂ ಕ್ಲೆಗಾರ್ನ್ ಎಂಬ ಪ್ರೊಫೆಸರನ್ನು ಮ್ಯೂರಾನ್ ಹತ್ತಿರ ಕಳಿಸಿ, ಹಣ ಮಾತಾಡಿ, ಇಡೀ ರೆಜಿಮೆಂಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಸುದ್ದಿಯ ಚೀಟಿಯನ್ನು ಚೀಸಿನ ಗಡ್ಡೆಯೊಳಗಿಟ್ಟು ಕೊಲಂಬೋ ಕೋಟೆಯೊಳಗೆ ದಾಟಿಸಿದರು ಅಂತ ಒಂದು ಕಥೆ ಇದೆ. ಡಚ್ಚರ ಸಂಬಳದಲ್ಲಿದ್ದವರು ಹೀಗೆ ಇಂಗ್ಲಿಷರ ಸಂಬಳಕ್ಕೆ ಬಂದರು. ನಾಲ್ಕು ವರ್ಷದ ಮೇಲೆ, 1799ರಲ್ಲಿ, ಅವರೇ ಶ್ರೀರಂಗಪಟ್ಟಣದ ಕೋಟೆ ಮುಂದೆ ನಿಂತಿದ್ದರು.

ಅವರು ಟಿಪ್ಪುವಿನ ವಿರುದ್ಧ ಬಂದವರು, ಅವರ ಮೇಲೆ ನಿನಗೇಕೆ ಇಷ್ಟು ಆಸ್ಥೆ ಅಂತ ಮನೆಯಲ್ಲೂ ಕೇಳಿದ್ದಾರೆ. ಕೋಟೆ ಒಳಗಿದ್ದ ನಮ್ಮ ಕಡೆಯ ಸಿಪಾಯಿಗಳ ಇಂಥ ಪಟ್ಟಿ ನನ್ನ ಕೈಗೆ ಸಿಕ್ಕಿದ್ದರೆ ಮೊದಲು ಅದನ್ನೇ ಹಿಡಿಯುತ್ತಿದ್ದೆ. ಸಿಕ್ಕಿದ್ದು ಇದು. ಕೂಲಿಗಾಗಿ ಯಾರದೋ ಯುದ್ಧಕ್ಕೆ ಬಂದು ನಮ್ಮ ಮಣ್ಣಿನಲ್ಲಿ ಮಲಗಿದವನ ಊರು ಯಾವುದು ಅಂತ ತಿಳಿಯಬೇಕು ಅನ್ನಿಸುತ್ತದೆ, ಅಷ್ಟೇ. ಕಲ್ಲು ಇರುವುದು ಹೆಚ್ಚಾಗಿ ಅಧಿಕಾರಿಗಳಿಗೆ ಮತ್ತು ಅವರ ಮನೆಯವರಿಗೆ. ಸಾಮಾನ್ಯ ಸಿಪಾಯಿಗೆ ಉಳಿದಿರುವುದು ಸಂಬಳದ ಪಟ್ಟಿಯ ಒಂದು ಸಾಲು.

ಆ ಪಟ್ಟಿಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ. ಡಬ್ಲ್ಯು.ಓ. 12 ಅನ್ನುವ ಸರಣಿ (ಡಬ್ಲ್ಯು.ಓ. ಅಂದರೆ ವಾರ್ ಆಫೀಸ್, ಬ್ರಿಟಿಷರ ಯುದ್ಧ ಇಲಾಖೆ). ಪಂಚಾಯ್ತಿ ಕೆಲಸ ನೋಡಿದವರಿಗೆ ಎನ್‌ಎಂಆರ್, ಅಂದರೆ ಕೂಲಿಯವರ ಹಾಜರಿ ಪಟ್ಟಿ, ಗೊತ್ತಲ್ವಾ, ಹೆಚ್ಚುಕಡಿಮೆ ಅದೇ. ಕಂಪನಿವಾರು ಹೆಸರು, ಎಷ್ಟು ದಿನದ ಸಂಬಳ, ಎಲ್ಲಿದ್ದ, ಆಸ್ಪತ್ರೆಯಲ್ಲಿದ್ದನೋ ಕೆಲಸದ ಮೇಲೆ ಹೋಗಿದ್ದನೋ. ಮೂರು ಮೂರು ತಿಂಗಳಿಗೆ ಒಂದು. ಊರು, ಜಾಗ, ಅಪ್ಪ, ಅಮ್ಮ ಏನೂ ಇರುವುದಿಲ್ಲ. ಬರೆದವನಿಗೆ ಬೇಕಾಗಿದ್ದು ದುಡ್ಡಿನ ಲೆಕ್ಕ ಮಾತ್ರ.

ಮೊದಲ ಆರು ತಿಂಗಳು ನಾನು ಎಡವಿದ್ದು ಇಲ್ಲೇ. ಒಬ್ಬ ಸಿಪಾಯಿ ಮೊದಲು ಕಾಣಿಸುವ ಪುಟವನ್ನೇ ಹುಡುಕುತ್ತಿದ್ದೆ, ಸೇರುವಾಗ ಊರು ಬರೆದಿರುತ್ತಾರೆ ಅಂದುಕೊಂಡು. ಊರು ಇರುವುದು ಕೊನೆಯಲ್ಲಿ. ಆ ಮೂರು ತಿಂಗಳಲ್ಲಿ ಸತ್ತವರು, ಬಿಡುಗಡೆಯಾದವರು, ಓಡಿಹೋದವರು, ಬೇರೆ ರೆಜಿಮೆಂಟಿಗೆ ಹೋದವರು, ಇವರಿಗೆಲ್ಲ ಪಟ್ಟಿಯ ಕೊನೆಗೆ ಬೇರೆ ಹಾಳೆ ಇರುತ್ತದೆ. ಎಲ್ಲ ಕಡೆ ಅಲ್ಲ, ಆದರೆ ಇರುವ ಕಡೆ ಹುಟ್ಟಿದ ಊರು, ಕಸುಬು, ಸೇರಿದ ತಾರೀಖು ಮೂರೂ ಸಿಗುತ್ತವೆ. ನೇಕಾರ, ದರ್ಜಿ, ಬೂಟು ಹೊಲಿಯುವವ, ರೊಟ್ಟಿ ಸುಡುವವ, ಕೂಲಿ. ಮನುಷ್ಯ ಪಟ್ಟಿಯಿಂದ ಹೊರಗೆ ಹೋಗುವಾಗ ಮಾತ್ರ ಅವನು ಎಲ್ಲಿಂದ ಬಂದ ಅಂತ ಬರೆದಿದ್ದಾರೆ. ಹಾಗಾಗಿ ಈಗ ನಾನು ಹಿಂದಿನಿಂದ ಓದುತ್ತೇನೆ. ಮೊದಲು ಕೊನೆಯ ಹಾಳೆ, ಆಮೇಲೆ ಹಿಂದಕ್ಕೆ. ಕೆಲಸ ಎಷ್ಟೋ ಬೇಗ ಆಗುತ್ತಿದೆ.

ಪುಟಗಳ ಚಿತ್ರ ತರಿಸಲು ಮೊದಲು ಒಬ್ಬರಿಗೆ ದುಡ್ಡು ಕೊಟ್ಟಿದ್ದೆ. ಬಂದ ಚಿತ್ರಗಳಲ್ಲಿ ಬಲಗಡೆಯ ಷರಾ ಕಾಲಮ್ಮೇ ಕತ್ತರಿಸಿ ಹೋಗಿತ್ತು. ತುಂಬಾ ಬೇಜಾರಾಯಿತು. ಈಗ ಲಂಡನ್ನಿನಲ್ಲಿರುವ ಚಿಕ್ಕಪ್ಪನ ಮಗಳು ಬಿಡುವಿದ್ದ ಶನಿವಾರ ಹೋಗಿ ತನ್ನ ಮೊಬೈಲಿನಲ್ಲೇ ತೆಗೆದು ಕಳಿಸುತ್ತಾಳೆ. ಓದುವ ಕೋಣೆಯಲ್ಲಿ ನಾವೇ ಫೋಟೋ ತೆಗೆದುಕೊಂಡರೆ ದುಡ್ಡಿಲ್ಲ. ಅವಳಿಗೆ ಒಂದೇ ಮಾತು ಹೇಳಿದ್ದೇನೆ: "ಪುಟದ ನಾಲ್ಕೂ ಅಂಚು ಕಾಣಬೇಕು ಕಣೆ." ಪಾಪ, ಅವಳು ಖಾಲಿ ಪುಟವನ್ನೂ ಬಿಡುವುದಿಲ್ಲ.

ಈ ಸಲದ ದೊಡ್ಡ ಲಾಭ ಹೆಸರುಗಳ ವಿಷಯದಲ್ಲಿ. ಜರ್ಮನ್ ಆಡುವವನು, ಫ್ರೆಂಚ್ ಆಡುವವನು, ಪೋಲೆಂಡಿನವನು, ಎಲ್ಲರ ಹೆಸರನ್ನೂ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ. ಯೋಹಾನ್ ಒಂದು ಕಡೆ ಜಾನ್, ಇನ್ನೊಂದು ಕಡೆ ಜಾಂ. ಷೇಫರ್ ಅನ್ನುವಂಥ ಹೆಸರನ್ನು ಇಂಗ್ಲಿಷಿನಲ್ಲಿ ಐದಾರು ಥರ ಬರೆಯಬಹುದು, ಕಂಪ್ಯೂಟರಿನಲ್ಲಿ ಅಕ್ಷರಮಾಲೆ ಪ್ರಕಾರ ಜೋಡಿಸಿದರೆ ಒಂದು ಸಿ ಗೆ ಹೋಗುತ್ತದೆ, ಇನ್ನೊಂದು ಎಸ್ ಗೆ ಹೋಗುತ್ತದೆ, ಒಬ್ಬನೇ ಮನುಷ್ಯ ಇಬ್ಬರಾಗುತ್ತಾನೆ. ಒಂದು ರಾತ್ರಿ ಸುಮ್ನೆ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾ ಪಕ್ಕದ ಕಾಲಮ್ಮಿನಲ್ಲಿ ಕನ್ನಡದಲ್ಲಿ ಬರೆಯುತ್ತಾ ಹೋದೆ. ನಮ್ಮ ಲಿಪಿಯಲ್ಲಿ ಕೇಳಿದ್ದನ್ನೇ ಬರೆಯುತ್ತೇವಲ್ಲ, ಬೇರೆ ಬೇರೆ ಸ್ಪೆಲಿಂಗಿನವರೆಲ್ಲ ಒಂದೇ ಕಡೆ ಬಂದು ಕೂತರು. ಗುಮಾಸ್ತ ಕೇಳಿಸಿಕೊಂಡ ಸದ್ದಿಗೆ ನಾನು ವಾಪಸ್ ಹೋದ ಹಾಗಾಯಿತು. ಈಗ ಇಡೀ ಪಟ್ಟಿಯನ್ನು ಕನ್ನಡ ಕಾಲಮ್ಮಿನ ಮೇಲೆಯೇ ಜೋಡಿಸುತ್ತೇನೆ. ಬೇರೆ ಯಾರಾದರೂ ಇಂಥ ಕೆಲಸ ಮಾಡುತ್ತಿದ್ದರೆ ದಯವಿಟ್ಟು ಮಾಡಿ ನೋಡಿ.

ಊರುಗಳಿಗೂ ಇದೇ ಉಪಾಯ. ಶ್ರೀರಂಗಪಟ್ಟಣವನ್ನು ಸೆರಿಂಗಪಟಂ ಅಂತ ಬರೆದ ಕೈಗಳೇ ಈ ಸಿಪಾಯಿಗಳ ಊರುಗಳನ್ನೂ, ಫ್ರಾನ್ಸ್-ಜರ್ಮನಿ ಗಡಿಯ ಆಲ್ಸೇಸ್ ಸೀಮೆಯ ಹಳ್ಳಿಗಳನ್ನೂ ಬರೆದಿವೆ. ನಮ್ಮ ಊರನ್ನು ಹೇಗೆ ಮುರಿದಿದ್ದಾರೆ ಅಂತ ನಮಗೆ ಗೊತ್ತಿರುವುದರಿಂದ ಅವರ ಊರನ್ನು ಹೇಗೆ ಮುರಿದಿರಬಹುದು ಅಂತ ಊಹಿಸಲು ಬರುತ್ತದೆ. ಊರು ಗೊತ್ತಾದರೆ ಮುಂದಿನ ದಾರಿ ಸುಲಭ, ಆಲ್ಸೇಸಿನ ಚರ್ಚುಗಳ ಹಳೇ ದಾಖಲೆಗಳನ್ನು ಮನೆಯಲ್ಲೇ ಕೂತು ನೋಡಬಹುದು.

ದೇಶದ ಕಾಲಮ್ ಮಾತ್ರ ನಂಬಬೇಡಿ. ನಶಾಟೆಲನ್ನೇ ತೆಗೆದುಕೊಳ್ಳಿ. 1707ರಿಂದ ಅದು ಪ್ರಷ್ಯಾದ ರಾಜನ ಕೈಯಲ್ಲಿತ್ತು. 1806ರಲ್ಲಿ ನೆಪೋಲಿಯನ್ ಅದನ್ನು ತನ್ನ ಮಾರ್ಷಲ್ ಬೆರ್ತಿಯೇಗೆ ಕೊಟ್ಟ. 1815ರ ಹೊತ್ತಿಗೆ ಸ್ವಿಟ್ಜರ್‌ಲೆಂಡಿನ ಒಂದು ಪ್ರಾಂತ್ಯವಾಯಿತು. ಊರು ಕದಲಲಿಲ್ಲ, ಮನುಷ್ಯನ ದೇಶ ಮಾತ್ರ ಬದಲಾಗುತ್ತಾ ಹೋಯಿತು. ನನ್ನ ಪಟ್ಟಿಯಲ್ಲಿ ದೇಶ ಅನ್ನುವ ಕಾಲಮ್ಮನ್ನೇ ತೆಗೆದುಬಿಟ್ಟೆ. ಊರು, ಆ ವರ್ಷ ಅದನ್ನು ಆಳುತ್ತಿದ್ದವರು, ಎರಡೇ.

ಒಂದು ತಪ್ಪು ಕೂಡ ತಿದ್ದಿದೆ. ಈ ಸಂಬಳದ ಪಟ್ಟಿಗಳ ಮೊದಲ ತ್ರೈಮಾಸಿಕ ಜನವರಿ 1ಕ್ಕೆ ಶುರುವಾಗುವುದಿಲ್ಲ, ಡಿಸೆಂಬರ್ 25ಕ್ಕೆ ಶುರುವಾಗಿ ಮಾರ್ಚ್ 24ಕ್ಕೆ ಮುಗಿಯುತ್ತದೆ. ಅದು ಗೊತ್ತಿಲ್ಲದೆ ಡಿಸೆಂಬರಿನ ಕೊನೆಯ ವಾರ ಸತ್ತವರನ್ನೆಲ್ಲ ಒಂದು ವರ್ಷ ಮುಂದೆ ಹಾಕಿದ್ದೆ. ಎಲ್ಲ ಸಾಲುಗಳನ್ನೂ ಮತ್ತೆ ನೋಡಿದೆ, ಎರಡು ವಾರ ಹಿಡಿಯಿತು.

ಯುದ್ಧ ಮುಗಿದ ಮೇಲಿನ ಪುಟಗಳನ್ನು ಓದುವುದು ಕಷ್ಟ. ಗುಂಡು ಹಾರಿದ ದಿನ ಕಳೆದು ಎಷ್ಟೋ ಕಾಲವಾದರೂ ಆ ಕೊನೆಯ ಹಾಳೆಗೆ ಹೆಸರು ಬರುತ್ತಲೇ ಇರುತ್ತದೆ. ಶ್ರೀರಂಗಪಟ್ಟಣದ ಜ್ವರ ಬಿಳಿಯರ ಸೈನ್ಯವನ್ನು ಹಣ್ಣುಮಾಡಿತು. ಕೊನೆಗೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದ್ದಕ್ಕೆ ಅದೂ ಒಂದು ಕಾರಣ. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಅಷ್ಟರಲ್ಲಿ ಮ್ಯೂರಾನಿನವರು ಇಲ್ಲಿರಲಿಲ್ಲ. 1806ರಲ್ಲೇ ಭಾರತ ಬಿಟ್ಟಿದ್ದರು.

ಆಮೇಲಿನ ಕಥೆ ಬೇರೆಯೇ. ಯೂರೋಪಿಗೆ ಹೋದ ಮೇಲೆ ಹೊಸ ಜನರನ್ನು ತುಂಬಿಕೊಂಡರು. ನೆಪೋಲಿಯನ್ ಸೈನ್ಯದಿಂದ ಸೆರೆಸಿಕ್ಕವರು, ಓಡಿಬಂದವರು ಅವರಲ್ಲಿ ಜಾಸ್ತಿ. 1813ರಲ್ಲಿ ಮಾಲ್ಟಾದಿಂದ ಕೆನಡಾಕ್ಕೆ ಹೋದರು, ಅಮೆರಿಕದವರ ವಿರುದ್ಧ ಹೋರಾಡಿದರು, 1816ರಲ್ಲಿ ರೆಜಿಮೆಂಟ್ ಬರಖಾಸ್ತಾಯಿತು. ಬಿಡುಗಡೆಯಾದ ಕೆಲವರನ್ನು ಲಾರ್ಡ್ ಸೆಲ್ಕರ್ಕ್ ಎಂಬ ಸ್ಕಾಟ್ಲೆಂಡಿನ ಶ್ರೀಮಂತ ಕೆನಡಾದಲ್ಲಿ ತಾನು ಕಟ್ಟಿದ ರೆಡ್ ರಿವರ್ ವಸಾಹತಿಗೆ ಕರೆದೊಯ್ದ. 1826ರ ದೊಡ್ಡ ಪ್ರವಾಹದ ಮೇಲೆ ಅವರಲ್ಲಿ ಹೆಚ್ಚಿನವರು ಅಲ್ಲಿಂದಲೂ ಎದ್ದು ಹೋದರು. ಆ ಜಾಗದಲ್ಲಿ ಈಗಿರುವ ವಿನ್ನಿಪೆಗ್ ನಗರದಲ್ಲಿ ಅವರ ಹೆಸರಿನ ಬೀದಿಯೊಂದು ಇದೆ, ದೆ ಮ್ಯೂರಾನ್ ಬೀದಿ. ನಮ್ಮ ಕಾವೇರಿ ದಂಡೆಯ ಕಲ್ಲಿನ ಮೇಲೂ ಅದೇ ಹೆಸರು. ಮೊದಲ ಸಲ ನಕ್ಷೆಯಲ್ಲಿ ನೋಡಿದಾಗ ಮೈ ಜುಂ ಎಂದಿತು.

ಹಾಗಂತ ಕೆನಡಾದ ಮ್ಯೂರಾನಿಗರೆಲ್ಲ ಶ್ರೀರಂಗಪಟ್ಟಣ ಕಂಡವರು ಅಂತ ಅಂದುಕೊಳ್ಳಬಾರದು. ಎರಡೂ ಕಡೆ ಇದ್ದವರನ್ನು ಬೇರ್ಪಡಿಸುವುದೇ ಈಗಿನ ಕೆಲಸ. ಇದಕ್ಕೆ ಪಿಂಚಣಿ ಕಾಗದಗಳು ಬೇಕು. ಸಿಪಾಯಿಗಳ ಪಿಂಚಣಿ ನೋಡಿಕೊಳ್ಳುತ್ತಿದ್ದ ಲಂಡನ್ನಿನ ಚೆಲ್ಸಿ ಆಸ್ಪತ್ರೆಯ ಪಿಂಚಣಿದಾರರಲ್ಲಿ ವಿದೇಶಿ ರೆಜಿಮೆಂಟಿನವರಿಗೇ ಒಂದು ಬೇರೆ ಸರಣಿ ಇದೆ, ಡಬ್ಲ್ಯು.ಓ. 122. ಆ ಕಾಲದ ಬಿಡುಗಡೆ ಪತ್ರದಲ್ಲಿ ಹುಟ್ಟಿದ ಊರು, ಕಸುಬು, ಎತ್ತರ, ಕೂದಲು, ಕಣ್ಣಿನ ಬಣ್ಣ ಇರುತ್ತವೆ. ಈಸ್ಟ್ ಇಂಡೀಸಿನಲ್ಲಿ, ಅಂದರೆ ನಮ್ಮ ಕಡೆ, ಎಷ್ಟು ವರ್ಷ ಇದ್ದ ಅಂತ ಬೇರೆಯಾಗಿ ಬರೆದಿರುತ್ತಾರೆ, ಯಾಕೆಂದರೆ ಆ ವರ್ಷಗಳಿಗೆ ಲೆಕ್ಕದಲ್ಲಿ ಹೆಚ್ಚು ಬೆಲೆ. ಆ ಜಾಗ ತುಂಬಿದ್ದರೆ ಅವನು ಇಲ್ಲಿದ್ದವನು.

ಮೊದಲ ಕಂತಿನ ಚಿತ್ರಗಳು ಹೋದ ಶನಿವಾರ ಬಂದಿವೆ, ಇನ್ನೂ ಪೂರ್ತಿ ಬಿಚ್ಚಿಲ್ಲ. ಮೇಲಿನ ನಾಲ್ಕು ಪುಟ ನೋಡಿದೆ. ಮೂರರಲ್ಲಿ ಆ ಜಾಗ ಖಾಲಿ. ನಾಲ್ಕನೆಯದರಲ್ಲಿ ವರ್ಷಗಳು ತುಂಬಿವೆ, ಕಸುಬು ನೇಕಾರ, ಊರಿನ ಹೆಸರು ಮಸಿ ಹರಡಿ ಅರ್ಧ ಹೋಗಿದೆ. ಕನ್ನಡದಲ್ಲಿ ಎರಡು ಥರ ಬರೆದಿಟ್ಟಿದ್ದೇನೆ. ಬೆಳಗ್ಗೆ ಬೆಳಕಿನಲ್ಲಿ ಇನ್ನೊಮ್ಮೆ ಓದಬೇಕು.