ಎರಡು ಸಲ ಏರುವ ಧ್ವಜ

ಆಗಸ್ಟ್ 15ಕ್ಕೆ ಧ್ವಜ ಏರಿಸಿ, ತಿಂಗಳು ಕಳೆಯುತ್ತಲೇ ಸೆಪ್ಟೆಂಬರ್ 17ಕ್ಕೆ ಮತ್ತೊಮ್ಮೆ ಏರಿಸುವುದು ಕೊಪ್ಪಳದ ಕಡೆಯ ನಮ್ಮ ಭಾಗದ ಮಕ್ಕಳಿಗೆ ಹೊಸದಲ್ಲ. ಎರಡೂ ದಿನ ಪ್ರಭಾತಫೇರಿ, ಎರಡೂ ದಿನ ಬೂಂದಿ. ಬೆಂಗಳೂರಿನ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ ಈಗಲೂ ಅಚ್ಚರಿಪಡುತ್ತಾರೆ. ಅವರಿಗೆ ಉತ್ತರಿಸುವಾಗಲೆಲ್ಲ ನನಗೆ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದ ಮಾಸ್ತರರು ನೆನಪಾಗುತ್ತಾರೆ.

ಆ ವರ್ಷ ಅವರು ಭಾಷಣ ಬರೆಸಲಿಲ್ಲ. "1947ರ ಆಗಸ್ಟ್ 15ರಂದು ನಿಮ್ಮ ಮನೆಯಲ್ಲಿ ಏನಾಯಿತು? ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ" ಎಂದರು. ನಾನು ಅಜ್ಜಿಯನ್ನು ಕೇಳಿದೆ. "ಏನಾಗುತ್ತದೆ? ಸಜ್ಜೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದೆವು" ಎಂದಳು. ಹೆಚ್ಚುಕಡಿಮೆ ಎಲ್ಲರ ಹಾಳೆಯಲ್ಲೂ ಇದೇ ಉತ್ತರ.

ಕಾರಣವನ್ನು ಮಾಸ್ತರರು ನಕಾಶೆ ತೂಗುಹಾಕಿ ತೋರಿಸಿದರು. ಕೊಪ್ಪಳ ಆಗ ನಿಜಾಮರ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಗದಗ, ಮುಂಡರಗಿ ಮುಂಬಯಿ ಪ್ರಾಂತ್ಯದವು. ನಡುವೆ ಬೀಗತನ, ಸಂತೆ, ಜಾತ್ರೆ ಎಲ್ಲವೂ ಇದ್ದವು. ಆದರೂ ಆ ಕಡೆಯವರು ಸಿಹಿ ಹಂಚಿದ ದಿನ ಈ ಕಡೆ ತ್ರಿವರ್ಣ ಧ್ವಜ ಹಿಡಿದವರಿಗೆ ಜೈಲು ಕಾದಿತ್ತು. ಹೈದರಾಬಾದಿನಲ್ಲಿ ಧ್ವಜ ಹಾರಿಸಿದ ಸ್ವಾಮಿ ರಮಾನಂದ ತೀರ್ಥರು ಬಂಧಿತರಾದರು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದಲ್ಲಿ ಯುವಕರು ಗಡಿ ದಾಟಿ ಮುಂಡರಗಿಯಲ್ಲಿ ಶಿಬಿರ ಹೂಡಿ ಹೋರಾಡಿದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ, ನಿಜಾಮರ ಪರ ನಿಂತಿದ್ದ ಸಶಸ್ತ್ರ ಪಡೆಯಾದ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರ್ 13ಕ್ಕೆ ಭಾರತೀಯ ಸೇನೆ ಸಂಸ್ಥಾನದೊಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ನಮ್ಮವರು 13 ತಿಂಗಳು ಕಾಯಬೇಕಾಯಿತು.

ಪಾಠ ಇಲ್ಲಿಗೆ ಮುಗಿಯಬಹುದಿತ್ತು. ಮಾಸ್ತರರು ಇನ್ನೊಂದು ಪ್ರಶ್ನೆ ಕೊಟ್ಟರು: 1948ರ ಸೆಪ್ಟೆಂಬರ್ 17ರ ಹಿಂದೆ ಮುಂದೆ ಏನಾಯಿತು?

ಈ ಸಲ ಹಾಳೆಗಳು ಬೇರೆ ಬೇರೆಯಾಗಿದ್ದವು. ಒಬ್ಬ ಹುಡುಗಿಯ ಮುತ್ತಜ್ಜಿ ರಜಾಕಾರರಿಗೆ ಹೆದರಿ ರಾತ್ರೋರಾತ್ರಿ ಚಕ್ಕಡಿಯಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಗದುಗಿನ ಕಡೆ ಹೋಗಿದ್ದಳು. ನನ್ನ ಪಕ್ಕ ಕೂರುತ್ತಿದ್ದ ಗೆಳೆಯನ ಅಜ್ಜನದು ಬೇರೆ ಕಥೆ. ಶರಣಾಗತಿಯ ನಂತರದ ದಿನಗಳಲ್ಲಿ, ಮುಸ್ಲಿಮರೆಂಬ ಕಾರಣಕ್ಕೆ ಮನೆಗಳ ಮೇಲೆ ದಾಳಿ ನಡೆಯುತ್ತಿದ್ದಾಗ, ಊರಿನ ಲಿಂಗಾಯತ ಕುಟುಂಬವೊಂದು ಅವರನ್ನು ಹಗೇವಿನೊಳಗೆ ಬಚ್ಚಿಟ್ಟು ಉಳಿಸಿತ್ತು. ಜೋಳ ತುಂಬುವ ಕತ್ತಲ ಗುಂಡಿಯಲ್ಲಿ ಉಸಿರು ಬಿಗಿಹಿಡಿದು ಕೂತ ಹುಡುಗನೇ ಮುಂದೆ ಅವನ ಅಜ್ಜನಾದದ್ದು. ಅವನು ಓದುವಾಗ ತರಗತಿಯಲ್ಲಿ ಯಾರೂ ಮಾತನಾಡಲಿಲ್ಲ. ಮಾಸ್ತರರು ಆ ಎರಡೂ ಹಾಳೆಗಳನ್ನು ಗೋಡೆಪತ್ರಿಕೆಯಲ್ಲಿ ಅಕ್ಕಪಕ್ಕ ಅಂಟಿಸಿದರು.

ಇದಕ್ಕೆ ಎಷ್ಟು ಧೈರ್ಯ ಬೇಕಿತ್ತೆಂದು ದೊಡ್ಡವನಾದ ಮೇಲೆ ಓದಿ ತಿಳಿದೆ. ನೆಹರೂ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಕಾರ್ಯಾಚರಣೆಯ ವೇಳೆ ಮತ್ತು ನಂತರ ಸತ್ತವರು ಕನಿಷ್ಠ 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತ್ತು. ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಇದ್ದವು. ಆ ವರದಿ ದಶಕಗಳ ಕಾಲ ಪ್ರಕಟವಾಗಲೇ ಇಲ್ಲ. ಒಂದು ಹಾಳೆಯನ್ನು ಹಿಡಿದು ಇನ್ನೊಂದನ್ನು ಹರಿಯುವವರು ಇಂದು ಎರಡೂ ಕಡೆ ಇದ್ದಾರೆ. ನನಗೆ ಸ್ವಾತಂತ್ರ್ಯ ದಿನವೆಂದರೆ ಎರಡನ್ನೂ ಗಟ್ಟಿಯಾಗಿ ಓದಲು ಬಿಡುವ ತರಗತಿ.

ಮುಂದೆ ನನಗೆ ಎಂಜಿನಿಯರಿಂಗ್ ಸೀಟು ದೊರೆತದ್ದು, ಹೈದರಾಬಾದ್ ಕರ್ನಾಟಕವೆನಿಸಿದ್ದ ನಮ್ಮ ಭಾಗಕ್ಕೆಂದು ಬಂದ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯಿಂದ. ಆ ತಿದ್ದುಪಡಿ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2012ರಲ್ಲಿ. ಸ್ವಾತಂತ್ರ್ಯ 13 ತಿಂಗಳು ತಡವಾದರೆ, ಅದರ ಪಾಲು ಈ ನೆಲಕ್ಕೆ ತಲುಪಲು ಇನ್ನೂ ಆರು ದಶಕ ಹಿಡಿಯಿತು. 2019ರಿಂದ ನಾವು ಕಲ್ಯಾಣ ಕರ್ನಾಟಕದವರು. ಹೆಸರು ಬದಲಾದದ್ದು ಸಂತೋಷವೇ. ಆದರೆ ಹಂಗಾಮು ಮುಗಿದೊಡನೆ ದುಡಿಯಲು ಗುಳೆ ಹೋಗುವ ಕುಟುಂಬಗಳ ಮಕ್ಕಳು ಇಂದಿಗೂ ನಮ್ಮ ಶಾಲೆಯಲ್ಲಿದ್ದಾರೆ.

ಈಗಿನ ಗುರುಗಳಲ್ಲಿ ನನ್ನದೊಂದು ಕೋರಿಕೆ. ಆ ದಿನಗಳನ್ನು ಕಣ್ಣಾರೆ ಕಂಡವರು ಈಗ ಎಂಬತ್ತೈದು ದಾಟಿದ್ದಾರೆ. ನನ್ನ ಅಜ್ಜಿ ಇಲ್ಲ, ಗೆಳೆಯನ ಅಜ್ಜನೂ ಇಲ್ಲ. ಈ ಸೆಪ್ಟೆಂಬರಿಗೆ ಮೊದಲು ಮಕ್ಕಳನ್ನು ಊರಿನ ಎಲ್ಲ ಓಣಿಗಳಿಗೂ ಕಳುಹಿಸಿ, ಅದೇ ಎರಡು ಪ್ರಶ್ನೆ ಕೇಳಿಸಿ. ಅವರು ಬರೆದು ತಂದದ್ದನ್ನು ತಿದ್ದದೆ ಶಾಲಾ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸಿ. ಮುದ್ರಣದ ಖರ್ಚು ನಮ್ಮ ತಂಡದ ಹಳೆಯ ವಿದ್ಯಾರ್ಥಿಗಳದು.