ಪಿಆರ್‌ಗೆ ಎಷ್ಟು ರೊಕ್ಕ ಬೇಕು?

ಕೆನಡಾದಲ್ಲಿ ನಾಲ್ಕು ವರ್ಷ ಇದ್ದು, ಅವ್ವನ ಸಲುವಾಗಿ ಧಾರವಾಡಕ್ಕೆ ವಾಪಸ್ ಬಂದವಳು ನಾನು. ಈಗ ಸಪ್ತಾಪುರದಲ್ಲಿ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಕಲಿಸುತ್ತೇನೆ. ಹಾಗಾಗಿ ಮದುವೆ ಮನೆಯಲ್ಲಿ, ಸಂತೆಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ್ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ ಇದೇ ಪ್ರಶ್ನೆ: "ಎಷ್ಟು ರೊಕ್ಕ ಕೊಟ್ರ ಪಿಆರ್ ಸಿಗತೈತ್ರಿ?"

ಪಿಆರ್ ಅಂದರೆ ಇನ್ನೊಂದು ದೇಶದಲ್ಲಿ ಕಾಯಂ ಆಗಿ ಇದ್ದು ದುಡಿಯುವ ಹಕ್ಕು. ಪೌರತ್ವ ಅಲ್ಲ, ಪಾಸ್‌ಪೋರ್ಟ್ ನಮ್ಮದೇ ಇರುತ್ತದೆ. ಕೆನಡಾದ ಪಿಆರ್ ಉಳಿಯಬೇಕಾದರೆ 5 ವರ್ಷದಲ್ಲಿ 730 ದಿನ ಅಲ್ಲಿ ಇರಬೇಕು. (ನಾನು ಇರಲಿಲ್ಲ. ಅದು ಬೇರೆ ಕತೆ.)

ರೊಕ್ಕದ ಉತ್ತರ ಸಣ್ಣದು. 2024ರಲ್ಲಿ ಕೆನಡಾ ಸರ್ಕಾರಕ್ಕೆ ಒಬ್ಬರು ಕಟ್ಟುತ್ತಿದ್ದ ಫೀ 1,525 ಕೆನಡಾ ಡಾಲರ್, ನಮ್ಮ ಲೆಕ್ಕದಲ್ಲಿ ಲಕ್ಷದ ಒಳಗೆ. ಖರ್ಚಿಗೆ ಹಣ ಇದೆ ಅಂತ ಬ್ಯಾಂಕಿನಲ್ಲಿ ಸುಮಾರು ಹತ್ತು ಲಕ್ಷ ತೋರಿಸಬೇಕು, ಆದರೆ ಅದು ತೋರಿಸೋದು, ಕೊಡೋದಲ್ಲ. ಮಾವನ ಹತ್ತಿರ ಕೈಗಡ ತಂದು ಒಂದು ವಾರ ಇಟ್ಟರೆ ನಡೆಯಲ್ಲ, ಆರು ತಿಂಗಳ ಸರಾಸರಿ ನೋಡುತ್ತಾರೆ.

ಹೋದ ವರ್ಷ ಕುಂದಗೋಳದ ಕಡೆಯ ಒಬ್ಬ ಹಿರಿಯರು ಮಗನನ್ನು ಕರೆದುಕೊಂಡು ಬಂದಿದ್ದರು. "ಎಂಟ್ ಎಕರೆ ಎರಿ ಹೊಲ ಐತ್ರಿ ಮೇಡಂ. ನಾಕ್ ಎಕರೆ ಮಾರಿದ್ರ ಸಾಲ್ತೈತೇನ್ರಿ?" ಅಂದರು. ಯಾರೋ ಏಜೆಂಟ್ ಕೆನಡಾದ ಕೆಲಸದ ಪತ್ರ ಕೊಡಿಸುತ್ತೇನೆ, ಅದಕ್ಕೆ 15 ಲಕ್ಷ ಅಂದಿದ್ದನಂತೆ. ಕೆನಡಾದವರು ವಯಸ್ಸು, ಓದು, ಇಂಗ್ಲಿಷ್, ಅನುಭವಕ್ಕೆ ಪಾಯಿಂಟ್ ಕೊಟ್ಟು, ಹೆಚ್ಚು ಬಂದವರನ್ನು ಸುತ್ತು ಸುತ್ತಾಗಿ ಪಿಆರ್‌ಗೆ ಕರೆಯುತ್ತಾರೆ. ಆ ಪತ್ರಕ್ಕೂ ಮೊದಲು ಪಾಯಿಂಟ್ ಸಿಗುತ್ತಿತ್ತು ನಿಜ. 2025ರ ಮಾರ್ಚ್‌ನಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಏಜೆಂಟ್‌ಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ!

ಮಗನ ಲೆಕ್ಕವನ್ನು ಅಲ್ಲೇ ಒಂದು ಲಕೋಟೆಯ ಹಿಂದೆ ಹಾಕಿದೆ. ವಯಸ್ಸು 28, ಮದುವೆ ಆಗಿಲ್ಲ: 110. ಬಿಇ ಮೆಕ್ಯಾನಿಕಲ್: 120. ಇಂಗ್ಲಿಷ್ ಚೆನ್ನಾಗಿ ಬಂದರೆ, ಅಂದರೆ ಐಇಎಲ್‌ಟಿಎಸ್‌ನ ಲಿಸನಿಂಗ್‌ನಲ್ಲಿ 8 ಬ್ಯಾಂಡ್, ಉಳಿದ ಮೂರರಲ್ಲಿ 7 ಬಂದರೆ: 124. ಆರು ವರ್ಷದ ಅನುಭವ ಮತ್ತು ಡಿಗ್ರಿ, ಈ ಇಂಗ್ಲಿಷ್ ಜೊತೆ ಸೇರಿ ಇನ್ನೊಂದು 75. ಒಟ್ಟು 429. ರೈಟಿಂಗ್‌ನಲ್ಲಿ 7ರ ಬದಲು 6.5 ಬಂತೋ, 45 ಪಾಯಿಂಟ್ ಹೋಯಿತು. 29ರ ಬದಲು 37 ವಯಸ್ಸಾದರೆ ಎಷ್ಟು ಹೋಗುತ್ತದೋ ಹೆಚ್ಚುಕಡಿಮೆ ಅಷ್ಟೇ. ಅರ್ಧ ಬ್ಯಾಂಡಿಗೆ ಎಂಟು ವರ್ಷ! ಆದರೆ 2024ರ ಸಾಮಾನ್ಯ ಸುತ್ತುಗಳಲ್ಲೇ 500 ದಾಟಿದವರನ್ನಷ್ಟೇ ಕರೆದಿದ್ದರು. ಕೆನಡಾದ ಯಾವುದಾದರೂ ಪ್ರಾಂತ್ಯ ಇವನ ಹೆಸರು ಸೂಚಿಸಿದರೆ ಒಮ್ಮೆಗೇ 600 ಸೇರುತ್ತದೆ. ಫ್ರೆಂಚ್ ಬಂದರೆ ಬೇರೆ ಸುತ್ತೇ ಇದೆ. ಇದರಲ್ಲಿ ಹೊಲ ಎಲ್ಲೂ ಬರಲ್ಲ.

ಇನ್ನೊಂದು ಮಾತು, ನಮ್ಮೂರವರು ಎಡವೋದು ಇಲ್ಲೇ. ಅನುಭವದ ಪತ್ರ. ಹುಡುಗ ಗೋಕುಲ ರೋಡಿನ ಒಂದು ವರ್ಕ್‌ಶಾಪಿನಲ್ಲಿ ದುಡಿಯುತ್ತಾನೆ. ಮಾಲಕರು ಲೆಟರ್‌ಹೆಡ್ ಮೇಲೆ ಪ್ರೀತಿಯಿಂದ ಮೂರು ಸಾಲು ಬರೆದುಕೊಟ್ಟಿದ್ದರು: ಕಷ್ಟಪಟ್ಟು ದುಡಿಯುವ ಹುಡುಗ, ನಡತೆ ಒಳ್ಳೆಯದು, ಭವಿಷ್ಯ ಉಜ್ವಲವಾಗಲಿ. ಕೆಳಗೆ ಎರಡು ಸಿಕ್ಕಾ. ಇದು ಕನ್ಯಾ ನೋಡಲು ಹೋಗುವಾಗ ಉಪಯೋಗ ಆಗಬಹುದು, ವಲಸೆ ಅಧಿಕಾರಿಗೆ ಆಗಲ್ಲ. ಅವರಿಗೆ ಏನೇನು ಕೆಲಸ ಮಾಡುತ್ತಿದ್ದ, ವಾರಕ್ಕೆ ಎಷ್ಟು ತಾಸು, ಪಗಾರ ಎಷ್ಟು ಅಂತ ಬೇಕು. ಪಗಾರ ಬರೀರಿ ಅಂದ ಕೂಡಲೇ ಮಾಲಕರು ಹಿಂಜರಿದರಂತೆ. ಅರ್ಧ ಬ್ಯಾಂಕಿಗೆ, ಅರ್ಧ ಕೈಗೆ ಕೊಟ್ಟರೆ ಮತ್ತೇನಾಗುತ್ತೆ ಹೇಳಿ.

"ಬಿಸಿನೆಸ್ ಹಾಕಿದ್ರ?" ಅಂತ ಮುಂದಿನ ಪ್ರಶ್ನೆ. ಅಮೆರಿಕದಲ್ಲಿ ರೊಕ್ಕ ಹೂಡಿ ಕಾಯಂ ಆಗುವ ಇಬಿ-5ಗೆ ಕಡಿಮೆ ಅಂದರೂ 8 ಲಕ್ಷ ಡಾಲರ್, ಹತ್ತಿರ 7 ಕೋಟಿ ಹೂಡಬೇಕು, 10 ಜನಕ್ಕೆ ಕೆಲಸವನ್ನೂ ಕೊಡಬೇಕು. ಅಷ್ಟಿದ್ದವರು ನನ್ನನ್ನು ಕೇಳಲ್ಲ ಬಿಡಿ. ಅಲ್ಲಿ ಕೆಲಸದ ಮೇಲೆ ಹೋಗಿ ಗ್ರೀನ್ ಕಾರ್ಡಿಗೆ, ಅಂದರೆ ಅಲ್ಲಿಯ ಪಿಆರ್‌ಗೆ, ಕಾಯುವವರಿಗೆ ವರ್ಷಕ್ಕೆ ಕೊಡುವ ಕಾರ್ಡುಗಳಲ್ಲಿ ಒಂದು ದೇಶಕ್ಕೆ 7% ಅನ್ನೋ ಮಿತಿ ಇದೆ, ಭಾರತದವರ ಸಾಲು ಹತ್ತು ವರ್ಷಕ್ಕೂ ಉದ್ದ. ದುಬೈದು ಗೋಲ್ಡನ್ ವೀಸಾ ಆದರೂ ಅದು ವೀಸಾನೇ, ಪಿಆರ್ ಅಲ್ಲ.

ಇಂಜಿನಿಯರ್‌ಗಳಿಗೆ ನಾನು ಈಗ ಜರ್ಮನಿ ಕಡೆ ನೋಡಿ ಅನ್ನುತ್ತೇನೆ. ಮೊದಲು ಕೆಲಸ ಸಿಗಬೇಕು, ಪಗಾರ ಅವರು ಹೇಳಿದ ಮಿತಿ ದಾಟಬೇಕು, ಅದು ಸುಲಭ ಅಲ್ಲ. ಆದರೆ ಬ್ಲೂ ಕಾರ್ಡ್ (ಓದಿದವರಿಗೆ ಅಲ್ಲಿ ಕೊಡುವ ಕೆಲಸದ ಪರವಾನಗಿ) ಸಿಕ್ಕರೆ 27 ತಿಂಗಳಿಗೆ ಕಾಯಂ ಆಗಬಹುದು, ಜರ್ಮನ್ ಭಾಷೆಯ ಬಿ1 ಹಂತ ಮುಗಿಸಿದ್ದರೆ 21ಕ್ಕೇ. ಕೆಲಸ ಹುಡುಕಲು ಅಂತಲೇ ಒಂದು ವರ್ಷ ಅಲ್ಲಿ ಹೋಗಿ ಇರಲು ಬಿಡುವ ಚಾನ್ಸೆನ್‌ಕಾರ್ಟೆ ಅನ್ನೋ ಪರವಾನಗಿ 2024ರ ಜೂನ್‌ನಿಂದ ಇದೆ.

ಕುಂದಗೋಳದ ಹುಡುಗ ಈಗ ಜರ್ಮನ್ ಕಲಿಯುತ್ತಿದ್ದಾನೆ, ಬಿ1ರ ಹಿಂದಿನ ಎ2 ಹಂತದಲ್ಲಿದ್ದಾನೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ-ಧಾರವಾಡ ಓಡಾಡುವಾಗ ಯಾವ ಶಬ್ದ ಗಂಡು, ಯಾವುದು ಹೆಣ್ಣು ಅಂತ ಬಾಯಿಪಾಠ ಮಾಡುತ್ತಾನೆ. ಹೊಲದಲ್ಲಿ ಈ ಸಲ ಹೆಸರು ಬಿತ್ತಿದ್ದಾರೆ. ಜರ್ಮನ್‌ನಲ್ಲಿ ಹುಡುಗಿ ಅನ್ನೋ ಶಬ್ದ ಗಂಡೂ ಅಲ್ಲ, ಹೆಣ್ಣೂ ಅಲ್ಲ, ನಪುಂಸಕ ಅಂತ ಮಗ ಹೇಳಿದಾಗ ಅಪ್ಪನಿಗೆ ಏನೂ ಆಶ್ಚರ್ಯ ಆಗಲಿಲ್ಲವಂತೆ. "ಅದ್ರಾಗೇನೈತಿ, ನಾವೂ ಹುಡುಗಿ ಬಂತು ಅಂತೀವಲ್ಲ" ಅಂದರಂತೆ.